ಹೊಸದುರ್ಗವೆಂಬ ಅಂಕಿತನಾಮ: ಇಂಗ್ಲಿಷ್ ವ್ಯಾಕರಣದ ಒಂದು ಪಾಠ ಮತ್ತು ಗಡಿನಾಡಿನ ಊರ ಹೆಸರುಗಳು

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ತೇನೆ. ಕಾಸರಗೋಡಿನಲ್ಲಿ ಮಳೆ ಜೋರಾಗಿದೆ, ನಡುವೆ ತುಂಡಾದರೆ ಚಾಟ್‌ನಲ್ಲಿ ತಿಳಿಸಿ.

ನಾನು ಎತ್ತಿಕೊಂಡ ವಿಷಯ ನೋಡಿ ಕೆಲವರಿಗೆ ನಗು ಬಂದಿರಬಹುದು. ಸಂಶೋಧನಾ ವಿದ್ಯಾರ್ಥಿಗಳ ಸೆಮಿನಾರಿನಲ್ಲಿ ಕಾಮನ್ ನೌನ್, ಪ್ರಾಪರ್ ನೌನ್ ಅಂದರೆ ಐದನೇ ಕ್ಲಾಸಿನ ಪಾಠ ಅಲ್ವಾ? ಹೌದು, ಅದೇ ಪಾಠ. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಈ ಪಾಠವನ್ನು ಕಲಿಯುವ ರೀತಿಯಲ್ಲಿ ಒಂದು ಗೊಂದಲವಿದೆ. ಅದೇ ಗೊಂದಲ ದೊಡ್ಡವರಾದ ನಾವು ನಮ್ಮ ಊರುಗಳ ಹೆಸರಿನ ಬಗ್ಗೆ ಮನವಿ ಬರೆಯುವಾಗಲೂ ಬರುತ್ತದೆ. ಎರಡೂ ಒಂದೇ ಗಂಟು ಎಂಬುದು ನನ್ನ ವಾದ.

ಮೊದಲು ಪುಸ್ತಕದ ಮಾತು. ರೆನ್ ಅಂಡ್ ಮಾರ್ಟಿನ್ ವ್ಯಾಕರಣ 1930ರ ದಶಕದಿಂದ ನಮ್ಮ ಶಾಲೆಗಳಲ್ಲಿದೆ. ಅದು ಹೇಳುವುದಿಷ್ಟು: ಒಂದೇ ಜಾತಿಯ ಎಲ್ಲಕ್ಕೂ ಸಮಾನವಾಗಿ ಸಲ್ಲುವ ಹೆಸರು ಕಾಮನ್, ಒಂದು ನಿರ್ದಿಷ್ಟ ವ್ಯಕ್ತಿಗೆ ಅಥವಾ ಸ್ಥಳಕ್ಕೆ ಸ್ವಂತವಾದ ಹೆಸರು ಪ್ರಾಪರ್. ಪ್ರಾಪರ್ ಎಂಬ ಮಾತಿನ ಲ್ಯಾಟಿನ್ ಮೂಲದ ಅರ್ಥವೇ ತನ್ನದು, ಸ್ವಂತದ್ದು ಅಂತ. ಇಷ್ಟರ ಮಟ್ಟಿಗೆ ಪುಸ್ತಕವನ್ನು ನಾನು ದೂರುವುದಿಲ್ಲ. ದೂರುವುದು ಅದರಿಂದ ಇಳಿದು ಬಂದ ಗೈಡು, ನೋಟ್ಸು, ವರ್ಕ್‌ಶೀಟುಗಳನ್ನು. ಅಲ್ಲಿಗೆ ಬರುವಷ್ಟರಲ್ಲಿ ಪಾಠ ಒಂದೇ ಸಾಲಿಗೆ ಇಳಿದಿರುತ್ತದೆ: ದೊಡ್ಡಕ್ಷರ ಇದ್ದರೆ ಪ್ರಾಪರ್, ಇಲ್ಲದಿದ್ದರೆ ಕಾಮನ್. ದೊಡ್ಡಕ್ಷರ ಯಾವಾಗ ಹಾಕಬೇಕು ಅಂತ ಮಗು ಕೇಳಿದರೆ, ಪ್ರಾಪರ್ ನೌನ್ ಆದರೆ ಹಾಕು. ಇದು ಗಾಣದ ಎತ್ತು ಸುತ್ತಿದ ಹಾಗೆ.

ದೊಡ್ಡಕ್ಷರ ಬರವಣಿಗೆಯ ಪದ್ಧತಿ, ವ್ಯಾಕರಣದ ವರ್ಗವಲ್ಲ. ಜರ್ಮನ್ ಭಾಷೆಯಲ್ಲಿ ಮೇಜು, ಕುರ್ಚಿ, ಬೆಕ್ಕು ಎಲ್ಲಕ್ಕೂ ದೊಡ್ಡಕ್ಷರ. ಡ್ಯಾನಿಷ್‌ನಲ್ಲಿ ಹಾಗೇ ಇತ್ತು, 1948ರಲ್ಲಿ ಕೈಬಿಟ್ಟರು. ಆ ವರ್ಷ ಡೆನ್ಮಾರ್ಕಿನ ನಾಮಪದಗಳೆಲ್ಲ ಜಾತಿ ಬದಲಿಸಿದವಾ? 1726ರ ಗಲಿವರನ ಪ್ರವಾಸಗಳಂಥ ಪುಸ್ತಕಗಳ ಕಾಲದಲ್ಲಿ ಇಂಗ್ಲಿಷಿನಲ್ಲೂ ಸಾಧಾರಣ ನಾಮಪದಗಳಿಗೆ ದೊಡ್ಡಕ್ಷರ ಹಾಕುತ್ತಿದ್ದರು. ಇವತ್ತಿನ ಇಂಗ್ಲಿಷಿನಲ್ಲಿ ಸೋಮವಾರಕ್ಕೆ, ಜನವರಿಗೆ ದೊಡ್ಡಕ್ಷರ. ಫ್ರೆಂಚಿನಲ್ಲಿ ಅವೇ ಸಣ್ಣಕ್ಷರ. ಇನ್ನು ಕನ್ನಡ, ಮಲಯಾಳ, ತಮಿಳು, ತೆಲುಗು ಲಿಪಿಗಳಲ್ಲಿ ದೊಡ್ಡದು ಸಣ್ಣದು ಎಂಬುದೇ ಇಲ್ಲ. ಹಾಗಾಗಿ ನಮ್ಮ ಮಗುವಿಗೆ ಈ ಗುರುತು ಕಿವಿಯಲ್ಲಿ ಕೇಳುವುದೂ ಇಲ್ಲ, ತನ್ನ ಲಿಪಿಯಲ್ಲಿ ಕಾಣುವುದೂ ಇಲ್ಲ. ನಾನು ಸಂಜೆ ಪಾಠ ಹೇಳುವ ಮಕ್ಕಳಲ್ಲಿ ಒಬ್ಬಳು ವಾಕ್ಯದ ಮೊದಲಲ್ಲಿ ಬಂದ ಬೆಕ್ಕನ್ನು ಪ್ರಾಪರ್ ನೌನ್ ಅಂತ ಬರೆದಿದ್ದಳು. ಅವಳಿಗೆ ಹೇಳಿಕೊಟ್ಟ ನಿಯಮದ ಪ್ರಕಾರ ಅವಳು ಸರಿಯೇ.

ಎರಡನೇ ನಿಯಮ, ನಿರ್ದಿಷ್ಟ ಆದದ್ದು ಪ್ರಾಪರ್ ಎಂಬುದು. ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಅರ್ಧ ಸರಿ. ನನ್ನ ಅಮ್ಮ ಜಗತ್ತಿನಲ್ಲಿ ಒಬ್ಬಳೇ, ಆದರೂ ಅಮ್ಮ ಕಾಮನ್ ನೌನ್. ಸೂರ್ಯ ನಮಗೆ ಒಬ್ಬನೇ, ಇಂಗ್ಲಿಷಿನಲ್ಲಿ ದಿ ಸನ್ ಎಂದು ಸಾಮಾನ್ಯವಾಗಿ ಸಣ್ಣಕ್ಷರದಲ್ಲೇ ಬರೆಯುತ್ತಾರೆ. ನಿರ್ದಿಷ್ಟತೆ ಪದದಲ್ಲಿ ಇರುವುದು ಬೇರೆ, ಪದವನ್ನು ಬಳಸಿದ ಸಂದರ್ಭದಲ್ಲಿ ಇರುವುದು ಬೇರೆ. ಇಂಗ್ಲಿಷ್ ಎರಡನೆಯದಕ್ಕೆ ದಿ ಎಂಬ ಆರ್ಟಿಕಲ್ ಇಟ್ಟುಕೊಂಡಿದೆ. ಕನ್ನಡದಲ್ಲಿ ಅಂಥ ಆರ್ಟಿಕಲ್ ಇಲ್ಲ, ಆದ್ದರಿಂದ ಮಗುವಿಗೆ ಎರಡೂ ಒಂದೇ ಥರ ಕಾಣುತ್ತದೆ.

ಈ ಅರ್ಧ ಸರಿಯ ಪೂರ್ತಿ ತೊಂದರೆ ತಿಳಿಯಬೇಕಾದರೆ ಗಡಿನಾಡಿನ ಮಗುವಿನ ಚೀಲ ತೆಗೆದು ನೋಡಬೇಕು. ಒಳಗೆ ಮೂರು ವ್ಯಾಕರಣ ಉಂಟು. ಕನ್ನಡದ್ದು, ಇಂಗ್ಲಿಷಿನದು, ರಾಜ್ಯಭಾಷೆಯದು. ತಮಿಳುನಾಡಿನಲ್ಲಿ 2006ರ ಕಾಯ್ದೆ, ಕೇರಳದಲ್ಲಿ 2017ರ ಕಾಯ್ದೆ ಬಂದ ಮೇಲೆ ಮೂರನೆಯದು ಬೇಕಾದರೆ ಓದು ಎಂಬಂಥದ್ದಲ್ಲ. ಈ ಕಾಯ್ದೆಗಳ ಚರ್ಚೆ ಇವತ್ತು ಬೇಡ. ನನ್ನ ಗಮನ ಇರುವುದು ಮೂರು ವ್ಯಾಕರಣಗಳು ನಾಮಪದವನ್ನು ಮೂರು ಥರ ಕತ್ತರಿಸುತ್ತವೆ ಎಂಬುದರ ಮೇಲೆ.

ನಮ್ಮದು ಕೇಶಿರಾಜನ ಕಾಲದಿಂದ ಬಂದದ್ದು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಊರು, ಹೊಳೆ, ಮರ ರೂಢ. ಸೀತೆ, ಕಾವೇರಿ ಅಂಕಿತ. ಕುಂಟ, ವ್ಯಾಪಾರಿ, ವಿದ್ಯಾರ್ಥಿ ಇವು ಅನ್ವರ್ಥ, ಅಂದರೆ ಅರ್ಥಕ್ಕೆ ಅನುಗುಣವಾಗಿ ಬಂದ ಹೆಸರು. ನೋಡಿ, ಇಲ್ಲಿ ಎರಡು ಅಳತೆಗೋಲು ಒಟ್ಟಿಗೆ ಕೆಲಸ ಮಾಡುತ್ತಿವೆ. ಹೆಸರು ಎಷ್ಟು ಜನಕ್ಕೆ ಸಲ್ಲುತ್ತದೆ ಎಂಬುದು ಒಂದು, ಹೆಸರಿಗೆ ಕಾರಣ ಇದೆಯೋ ಇಲ್ಲವೋ ಎಂಬುದು ಇನ್ನೊಂದು. ಇಂಗ್ಲಿಷ್ ಪಾಠ ಮೊದಲನೆಯದನ್ನು ಮಾತ್ರ ಕೇಳುತ್ತದೆ, ಆದ್ದರಿಂದ ವ್ಯಾಪಾರಿ, ವಿದ್ಯಾರ್ಥಿ ಎಲ್ಲ ಕಾಮನ್ ಎಂಬ ಬುಟ್ಟಿಗೆ. ಮಲಯಾಳದಲ್ಲಿ ಸಂಜ್ಞಾನಾಮ, ಸಾಮಾನ್ಯನಾಮ ಅಂತ ಇದೆ, ಅದು ಇಂಗ್ಲಿಷಿಗೆ ಹತ್ತಿರ. ಮರಾಠಿಯಲ್ಲಿ ಸಾಮಾನ್ಯನಾಮ, ವಿಶೇಷನಾಮ. ಜತ್ತ, ಅಕ್ಕಲಕೋಟೆ ಕಡೆಯ ಗೆಳೆಯರು ಅದನ್ನು ಬಲ್ಲರು.

ತಮಿಳಿನದು ನನಗೆ ಬಹಳ ಇಷ್ಟವಾದದ್ದು. ಪವಣಂದಿ ಮುನಿ ಬರೆದ ನನ್ನೂಲ್ ಎರಡು ಅಳತೆಗೋಲನ್ನೂ ಬೇರೆ ಬೇರೆ ಇಟ್ಟಿದೆ. ಅಂದಹಾಗೆ, ಅವನನ್ನು ಬರೆಸಿದವನು ಸೀಯಗಂಗನೆಂಬ ಗಂಗ ಅರಸು, ಆದ್ದರಿಂದ ಅದು ನಮಗೆ ಪೂರ್ತಿ ಪರರದ್ದೂ ಅಲ್ಲ. ಕಾರಣವಿಲ್ಲದೆ ಇಟ್ಟದ್ದು ಇಡುಕುರಿ, ಕಾರಣದಿಂದ ಬಂದದ್ದು ಕಾರಣಪ್ಪೆಯರ್. ಎರಡರಲ್ಲೂ ಪೊದು ಮತ್ತು ಸಿರಪ್ಪು, ಅಂದರೆ ಸಾಮಾನ್ಯ ಮತ್ತು ವಿಶೇಷ. ನಾಲ್ಕು ಮನೆ ಆಯ್ತು. ಮರ ಎಂಬುದು ಇಡುಕುರಿ ಪೊದು, ಮಾವು ಎಂಬುದು ಇಡುಕುರಿ ಸಿರಪ್ಪು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಿರಪ್ಪುಪ್ಪೆಯರ್ ಎಂಬುದನ್ನು ಪ್ರಾಪರ್ ನೌನ್ ಅಂತ ಭಾಷಾಂತರಿಸಿಕೊಂಡ ತಾಳವಾಡಿಯ ಹುಡುಗ ಏನು ಬರೆಯುತ್ತಾನೆ? ಟ್ರೀ ಕಾಮನ್, ಮ್ಯಾಂಗೋ ಪ್ರಾಪರ್. ಅನಿಮಲ್ ಕಾಮನ್, ಲಯನ್ ಪ್ರಾಪರ್. ತಪ್ಪು ಅಂತ ಕೆಂಪು ಗೆರೆ ಎಳೆಯುತ್ತಾರೆ, ಯಾಕೆ ತಪ್ಪು ಅಂತ ಹೇಳುವುದಿಲ್ಲ. ತಮಿಳು ಓದದ ಮಕ್ಕಳೂ ಇದೇ ಉತ್ತರ ಬರೆಯುತ್ತಾರೆ, ಏಕೆಂದರೆ ನಿರ್ದಿಷ್ಟ ಆದದ್ದು ಪ್ರಾಪರ್ ಎಂಬ ಸಾಲೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಮರಕ್ಕಿಂತ ಮಾವು ನಿರ್ದಿಷ್ಟ ತಾನೆ! ಆದರೆ ಅದು ಒಂದು ಬಗೆ, ಒಂದು ವ್ಯಕ್ತಿಯಲ್ಲ. ದೊಡ್ಡ ವರ್ಗದೊಳಗಿನ ಸಣ್ಣ ವರ್ಗ. ವರ್ಗವನ್ನು ಎಷ್ಟು ಸಣ್ಣ ಮಾಡುತ್ತಾ ಹೋದರೂ, ಬಾದಾಮಿ ಮಾವು, ರಸಪುರಿ ಮಾವು ಅಂತ ಇಳಿದರೂ, ಅದು ತಾನಾಗಿಯೇ ಅಂಕಿತನಾಮ ಆಗುವುದಿಲ್ಲ. ಅಂಕಿತನಾಮ ಆಗಬೇಕಾದರೆ ಯಾರಾದರೂ ಒಂದು ಮರಕ್ಕೆ ಹೆಸರಿಡಬೇಕು.

ಇದಕ್ಕೆ ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಬಹುದು ಅಂತ ನಾನು ಸೂಚಿಸುತ್ತೇನೆ. ಎಂಬ ಎಂಬ ಪದ ಬಳಸಿ: ಜನಕನೆಂಬ ರಾಜ, ಕುಂಬಳೆಯೆಂಬ ಊರು. ಎಂಬಕ್ಕೆ ಹಿಂದಿನದು ಹೆಸರು, ಮುಂದಿನದು ಜಾತಿ. ಹಾಂ, ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಮಾವು ಎಂಬ ಮರ ಅಂತಲೂ ಹೇಳ್ತೇವಲ್ಲ? ಸರಿಯಾದ ಪ್ರಶ್ನೆ. ಅದಕ್ಕೇ ಎರಡನೇ ಹೆಜ್ಜೆ ಬೇಕು, ಇನ್ನೊಂದು ಸೇರಿಸಿ ನೋಡಿ. ಹಿತ್ತಲಲ್ಲಿ ಇನ್ನೊಂದು ಮಾವು ಇದೆ, ಇದು ಸಹಜ. ಅಲ್ಲಿ ಇನ್ನೊಬ್ಬ ಗಾಂಧಿ ಇದ್ದಾರೆ ಅಂದರೆ ಕೇಳಿದವನು ತಲೆ ಎತ್ತುತ್ತಾನೆ, ಅದೇ ಹೆಸರಿನವರಾ, ಅಥವಾ ಅಂಥ ಗುಣದವರಾ? ಎರಡು ಮಾವಿನ ನಡುವೆ ಮಾವಿನ ಗುಣ ಸಮಾನ. ಒಂದೇ ಕ್ಲಾಸಿನ ಮೂವರು ರಮೇಶರ ನಡುವೆ ಸಮಾನವಾದದ್ದು ಹಾಜರಿ ಪುಸ್ತಕದ ಚೀಟಿ ಮಾತ್ರ. ಅವ ಒಬ್ಬ ಶಕುನಿ ಅನ್ನುವಾಗ ಮಾತ್ರ ಅಂಕಿತ ತನ್ನ ಮನೆ ಬಿಟ್ಟು ರೂಢಕ್ಕೆ ಬರುತ್ತದೆ, ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಅಂದ ಹಾಗೆ.

ಬಹುವಚನ ಬರುವುದಿಲ್ಲ ಎಂಬ ಪರೀಕ್ಷೆ ನಮಗೆ ಅಷ್ಟು ಉಪಯೋಗವಿಲ್ಲ. ಗಾಂಧಿಯವರು ಅನ್ನುವಾಗ ರೂಪ ಬಹುವಚನದ್ದೇ, ಗೌರವಕ್ಕೆ.

ಕನ್ನಡಿಗ ಎಂಬ ಪದವನ್ನು ಮಾತ್ರ ಬಿಡುವ ಹಾಗಿಲ್ಲ. ಕನ್ನಡ ಎಂಬುದು ಭಾಷೆಯ ಹೆಸರು, ಪ್ರಾಪರ್. ಕನ್ನಡಿಗ? ಇಂಗ್ಲಿಷಿನಲ್ಲಿ ದೊಡ್ಡಕ್ಷರ ಉಂಟು, ಆದರೆ ಎ ಕನ್ನಡಿಗ, ಟೆನ್ ಕನ್ನಡಿಗಾಸ್ ಅಂತ ಆರ್ಟಿಕಲ್ಲೂ ಸಂಖ್ಯೆಯೂ ಸಲೀಸಾಗಿ ಬರುತ್ತದೆ. ವಾಕ್ಯದಲ್ಲಿ ನಡೆದುಕೊಳ್ಳುವ ರೀತಿ ಕಾಮನ್ ನೌನಿನದೇ. ದೊಡ್ಡಕ್ಷರ ತನ್ನ ಮೂಲದ ಹೆಸರಿನಿಂದ ಬಂದ ಆಸ್ತಿ. ಇಂಡಿಯನ್ ಕೂಡ ಹಾಗೆ. ಉತ್ತರಪತ್ರಿಕೆಯ ಕೀಲಿಯಲ್ಲಿ ಇವನ್ನು ಪ್ರಾಪರ್ ಅಂತ ಕಣ್ಣುಮುಚ್ಚಿ ಹಾಕುತ್ತಾರೆ. ನೀಲಗಿರಿಯ ಬಡಗರ ಹೆಸರು ಇನ್ನೂ ಸೊಗಸು. ಬಡಗು ಅಂದರೆ ಉತ್ತರ, ಉತ್ತರದಿಂದ ಬಂದವರು ಎಂಬ ಅನ್ವರ್ಥ. ಈಗ ಕೋಟಗಿರಿಯಲ್ಲಿ ಕೂತ ಬಡಗ ಯಾವ ದಿಕ್ಕಿನವನೂ ಅಲ್ಲ, ಅಲ್ಲಿಯವನು.

ಈ ನೀಲಗಿರಿಯೇ ಇಂಗ್ಲಿಷಿನಲ್ಲಿ ದಿ ನೀಲಗಿರೀಸ್. ಪ್ರಾಪರ್ ನೌನಿಗೆ ಆರ್ಟಿಕಲ್ ಇಲ್ಲ, ಬಹುವಚನ ಇಲ್ಲ ಅಂತ ಕಲಿತ ಮಗು ತನ್ನದೇ ಜಿಲ್ಲೆಯ ಹೆಸರಿನ ಮುಂದೆ ಕಕ್ಕಾಬಿಕ್ಕಿ. ಹಡ್ಲ್‌ಸ್ಟನ್ ಮತ್ತು ಪುಲ್ಲಮ್ 2002ರ ತಮ್ಮ ಕೇಂಬ್ರಿಜ್ ವ್ಯಾಕರಣದಲ್ಲಿ ಪ್ರಾಪರ್ ನೌನ್ ಬೇರೆ, ಪ್ರಾಪರ್ ನೇಮ್ ಬೇರೆ ಎಂದು ಮಾಡಿದ ವಿಂಗಡಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಮೊದಲನೆಯದು ಪದದ ವರ್ಗ, ಎರಡನೆಯದು ಹೆಸರಾಗಿ ನಿಂತ ಇಡೀ ಪದಪುಂಜ. ದಿ ಯುನೈಟೆಡ್ ಕಿಂಗ್‌ಡಮ್ ಎಂಬುದರಲ್ಲಿ ಒಂದೂ ಪ್ರಾಪರ್ ನೌನ್ ಇಲ್ಲ. ಆರ್ಟಿಕಲ್, ವಿಶೇಷಣ, ಕಾಮನ್ ನೌನ್, ಅಷ್ಟೇ. ಆದರೂ ಒಟ್ಟಾಗಿ ಅದು ಒಂದು ದೇಶದ ಹೆಸರು. ಸಾಧಾರಣ ಪದಗಳಿಂದ ಕಟ್ಟಿದ ಮನೆಯಲ್ಲಿ ಅಂಕಿತನಾಮ ವಾಸ ಮಾಡಬಹುದು ಅಂತ ಆಯ್ತಲ್ಲ. ನಮ್ಮ ಊರುಗಳ ಹೆಸರಿಗೆ ಬರಲು ಇದೇ ಬಾಗಿಲು.

ಹೊಸದುರ್ಗ. ಹೊಸ ಎಂಬ ವಿಶೇಷಣ, ದುರ್ಗ ಎಂಬ ರೂಢನಾಮ. ಕಟ್ಟಿದ ಕಾಲದಲ್ಲಿ ಖಂಡಿತ ಅನ್ವರ್ಥ. ಕೋಟೆ ಕೆಳದಿ ನಾಯಕರ ಕಾಲದ್ದು, ಈಗ ಹೊಸತೇನೂ ಅಲ್ಲ. ಹೆಸರು ಸುಳ್ಳಾಯಿತಾ? ಇಲ್ಲ, ಏಕೆಂದರೆ ಹೆಸರು ಏನನ್ನೂ ಹೇಳುತ್ತಿಲ್ಲ, ಬೆರಳು ತೋರಿಸುತ್ತಿದೆ ಅಷ್ಟೆ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಪುಸ್ತಕದಲ್ಲಿ ಡಾರ್ಟ್‌ಮೌತ್ ಊರಿನ ಉದಾಹರಣೆ ಕೊಡುತ್ತಾನೆ. ಡಾರ್ಟ್ ನದಿಯ ಬಾಯಲ್ಲಿದೆ ಅಂತ ಆ ಹೆಸರು. ನಾಳೆ ನದಿ ದಾರಿ ಬದಲಿಸಿದರೂ ಊರಿನ ಹೆಸರು ಬದಲಾಗಬೇಕಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬುದೂ ಹೊಸದುರ್ಗವೇ, ಆ ಕೋಟೆ ಶುರುವಾದದ್ದು 1080ರಲ್ಲಿ. ದೂರ ಯಾಕೆ, ನಮ್ಮ ಚಂದ್ರಗಿರಿ ನೋಡಿ. ಗಿರಿ ಅಂದರೆ ಬೆಟ್ಟ, ಚಂದ್ರಗಿರಿ ಅಂದರೆ ಹೊಳೆ! 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕಾದ ಭಾಗದ ಗಡಿಯಾಗಿ ತೋರಿಸಿದ್ದೂ ಈ ಹೊಳೆಯನ್ನೇ. ಹೆಸರಿನಲ್ಲಿ ಬೆಟ್ಟ ಉಂಟು ಅಂತ ಯಾರೂ ಗೊಂದಲ ಮಾಡಿಕೊಳ್ಳಲಿಲ್ಲ.

2021ರ ಜೂನ್‌ನಲ್ಲಿ ಕಾಸರಗೋಡಿನ ಕೆಲವು ಊರುಗಳ ಹೆಸರನ್ನು ಮಲಯಾಳಕ್ಕೆ ಬದಲಿಸುತ್ತಿದ್ದಾರೆ ಎಂಬ ಸುದ್ದಿ ಎದ್ದದ್ದು ನಿಮಗೆ ನೆನಪಿರಬಹುದು. ಅಂಥ ನಿರ್ಧಾರ ಇಲ್ಲ ಎಂದು ಕೇರಳದ ಮುಖ್ಯಮಂತ್ರಿಗಳು ಹೇಳಿದರು, ಗದ್ದಲ ಇಳಿಯಿತು. ನಾನು ಆ ಜಗಳ ಮತ್ತೆ ಎಬ್ಬಿಸುವುದಿಲ್ಲ. ಆ ದಿನಗಳಲ್ಲಿ ನಮ್ಮ ಕಡೆಯವರು ಬರೆದ ಬರಹಗಳ ಮೇಲೆ ನನಗೆ ತಕರಾರಿದೆ. ಸುದ್ದಿಯಲ್ಲಿ ಬಂದ ಪಟ್ಟಿಯಲ್ಲಿ ಮಂಜೇಶ್ವರ ಮಂಜೇಶ್ವರಂ ಆಗಿತ್ತು, ಮಧೂರು ಮಧುರಂ ಆಗಿತ್ತು, ಬೇಡಡ್ಕ ಬೇಡಗಂ ಆಗಿತ್ತು, ಹೊಸದುರ್ಗ ಪುದಿಯಕೋಟ ಆಗಿತ್ತು. ಎಲ್ಲವನ್ನೂ ಒಂದೇ ಸಾಲಲ್ಲಿ ಇಟ್ಟು ಒಂದೇ ಅನ್ಯಾಯ ಅಂತ ಬರೆದರು. ವ್ಯಾಕರಣದ ಕಣ್ಣಿನಲ್ಲಿ ಇವು ಒಂದೇ ಅಲ್ಲವೇ ಅಲ್ಲ.

ಮಂಜೇಶ್ವರಂ ಎಂಬುದು ಉಚ್ಚಾರಣೆಯ ಹೊಂದಾಣಿಕೆ. ಅಂಕಿತನಾಮ ಅಂಕಿತನಾಮವಾಗಿಯೇ ಇದೆ, ಮಲಯಾಳದ ಅಂ ಎಂಬ ಬಾಲ ಸೇರಿದೆ. ರಾಯದುರ್ಗ ತೆಲುಗಿನಲ್ಲಿ ರಾಯದುರ್ಗಂ ಆಗುವುದೂ ಹೀಗೆ. ನಾವು ತಿರುವನಂತಪುರಂ ಎಂಬುದರ ಬಾಲ ಕತ್ತರಿಸಿ ತಿರುವನಂತಪುರ ಅಂತೇವೆ, ಯಾರೂ ಮನವಿ ಬರೆದಿಲ್ಲ. ಹೊಸೂರನ್ನು ತಮಿಳರು ಓಸೂರ್ ಅಂತ ಬರೆಯುತ್ತಾರೆ. ಹಕಾರ ಹೋದ ಕೂಡಲೇ ಹೊಸ ಎಂಬ ಅರ್ಥವೂ ಹೋಯಿತು, ತಮಿಳಿನವನಿಗೆ ಅದು ಅರ್ಥವಿಲ್ಲದ ಒಂದು ಶಬ್ದ. ಆದರೂ ಹೆಸರು ಉಳಿಯಿತು! ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಬೋರ್ಡಿನ ಕನ್ನಡ ಸಾಲಿನಲ್ಲೂ ಮಂಜೇಶ್ವರಂ ಅಂತ ಬರೆದರೆ ಅದನ್ನು ತಿದ್ದಿಸಲೇಬೇಕು. ಆದರೆ ಮಲಯಾಳ ಸಾಲಿನಲ್ಲಿ ಮಲಯಾಳದ ಬಾಲ ಇರುವುದು ಅವರ ಭಾಷೆಯ ಹಕ್ಕು.

ಪುದಿಯಕೋಟ ಬೇರೆ ಜಾತಿಯ ಬದಲಾವಣೆ. ಪುದಿಯ ಅಂದರೆ ಹೊಸ, ಕೋಟ ಅಂದರೆ ಕೋಟೆ. ಇದು ಭಾಷಾಂತರ. ಭಾಷಾಂತರ ಮಾಡಬೇಕಾದರೆ ಅರ್ಥ ಬೇಕು, ಅರ್ಥ ಬೇಕಾದರೆ ಅದನ್ನು ರೂಢನಾಮ ಅಂತ ಓದಬೇಕು. ಅಂದರೆ ಭಾಷಾಂತರಕಾರ ಮೊದಲು ಹೆಸರನ್ನು ಅಂಕಿತದ ಸ್ಥಾನದಿಂದ ಇಳಿಸುತ್ತಾನೆ, ಆಮೇಲೆ ಬದಲಿಸುತ್ತಾನೆ. ಇದಕ್ಕೊಂದು ಸಣ್ಣ ಪರೀಕ್ಷೆ: ಚಿತ್ರದುರ್ಗ ಜಿಲ್ಲೆಯಲ್ಲೂ ಒಂದು ಹೊಸದುರ್ಗ ಇದೆ. ಅರ್ಥ ಅದೇ. ಅದನ್ನು ಮಲಯಾಳದಲ್ಲಿ ಯಾರಾದರೂ ಪುದಿಯಕೋಟ ಅಂತಾರಾ? ಇಲ್ಲ. ದೂರದ ಹೊಸದುರ್ಗ ಹೆಸರು, ಹತ್ತಿರದ್ದು ಬರೀ ವರ್ಣನೆ, ಇದು ಹೇಗೆ? ಐವರಿ ಕೋಸ್ಟ್ ಅಂತ ನಾವು ಓದುತ್ತಿದ್ದ ದೇಶ 1985ರಲ್ಲಿ ಇದೇ ವಾದ ಹೂಡಿತು. ನಮ್ಮ ಹೆಸರು ಕೋತ್ ದಿವ್ವಾರ್, ಯಾವ ಭಾಷೆಯಲ್ಲೂ ಅನುವಾದ ಮಾಡಬೇಡಿ ಎಂದಿತು. ದಂತದ ಕರಾವಳಿ ಎಂಬ ಅರ್ಥ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು, ಆದರೂ ಅದನ್ನು ಹೆಸರಾಗಿ ಉಳಿಸಿ ಅಂದರು.

ಒಂದು ಮಾತು ಪ್ರಾಮಾಣಿಕವಾಗಿ ಸೇರಿಸಬೇಕು. ಕಾಞಂಗಾಡಿನಲ್ಲಿ ಪುದಿಯಕೋಟ ಎಂಬ ಹೆಸರು ಜನರ ಬಾಯಲ್ಲಿ ಇದೆ, ಅದು ಸರಕಾರ ಹುಟ್ಟಿಸಿದ್ದಲ್ಲ. ತಾಲೂಕಿನ ಹೆಸರೋ ಮಲಯಾಳದಲ್ಲೂ ಹೊಸ್ದುರ್ಗ್ ಎಂದೇ ಇದೆ. ಎರಡು ಭಾಷೆಯ ಊರಿನಲ್ಲಿ ಒಂದು ಜಾಗಕ್ಕೆ ಎರಡು ಅಂಕಿತನಾಮ ಇರುವುದು ಹೊಸ ಸಂಗತಿಯಲ್ಲ. ಅವು ಪಕ್ಕಪಕ್ಕ ಬಾಳುವುದಕ್ಕೆ ನನ್ನ ಅಡ್ಡಿಯಿಲ್ಲ. ಒಂದು ಇನ್ನೊಂದರ ಅನುವಾದ, ಆದ್ದರಿಂದ ಒಂದೇ ಸಾಕು ಎಂಬ ತರ್ಕಕ್ಕೆ ಅಡ್ಡಿ.

ಇನ್ನುಳಿದವು ಮಧುರಂ, ಬೇಡಗಂ. ಇವು ಅನುವಾದವೂ ಅಲ್ಲ, ಬರೀ ಉಚ್ಚಾರಣೆಯೂ ಅಲ್ಲ. ಮಧೂರಿನ ಶಬ್ದ ಮಲಯಾಳದ ಸಿಹಿ ಎಂಬ ರೂಢನಾಮಕ್ಕೆ ಹತ್ತಿರ ಇತ್ತು, ಎಳೆದು ಅದಕ್ಕೇ ಸೇರಿಸಿದ್ದು. ಬೇಡಡ್ಕದ ಅಡ್ಕ ಅಂದರೆ ನಮ್ಮ ಕಡೆ ಬೇಸಾಯವಿಲ್ಲದ ಸಮತಟ್ಟು ನೆಲ. ಬದಿಯಡ್ಕ, ಕಾರಡ್ಕ ಎಲ್ಲ ಅದೇ ಕುಲದ ಹೆಸರುಗಳು. ಅಡ್ಕ ಹೋಗಿ ಅಗಂ ಬಂದರೆ ಹೆಸರು ಬೆರಳು ತೋರಿಸುವುದನ್ನು ನಿಲ್ಲಿಸುವುದಿಲ್ಲ, ಆದರೆ ಈ ಹೆಸರುಗಳೆಲ್ಲ ಒಂದು ಕುಲ ಎಂಬ ಗುರುತು ಅಳಿಯುತ್ತದೆ. ಮಿಲ್‌ನ ವಾದ ಒಪ್ಪಿದರೆ ಇದು ನಷ್ಟವೇ ಅಲ್ಲ. ನಾನು ಅಲ್ಲಿಯವರೆಗೆ ಮಿಲ್‌ನ ಜೊತೆ ಹೋಗುವವನಲ್ಲ. ಹೆಸರಿಗೆ ಅರ್ಥ ಅಗತ್ಯವಿಲ್ಲ ಅನ್ನುವುದು ಸರಿ, ಹೆಸರಿನೊಳಗೆ ಅರ್ಥ ಇರುವುದೇ ಇಲ್ಲ ಅನ್ನುವುದು ಬೇರೆ. ನಮ್ಮ ಅನ್ವರ್ಥ ಎಂಬ ಪರಿಭಾಷೆ, ತಮಿಳಿನ ಕಾರಣಪ್ಪೆಯರ್ ಎಂಬ ಪರಿಭಾಷೆ ಈ ಜಾಗದಲ್ಲಿ ಇಂಗ್ಲಿಷ್ ವರ್ಗೀಕರಣಕ್ಕಿಂತ ಸೂಕ್ಷ್ಮ.

ಸಮಯ ಮುಗಿಯುತ್ತಾ ಬಂತು ಅಂತ ಅಧ್ಯಕ್ಷರು ಸೂಚಿಸಿದ್ದಾರೆ. ಚಾಟ್‌ನಲ್ಲಿ ವಯನಾಡಿನಿಂದ ಒಂದು ಪ್ರಶ್ನೆ: ನಾವು ವಯನಾಡನ್ನು ಬಯಲುನಾಡು ಅಂತೇವಲ್ಲ, ಅದೂ ಹೆಸರನ್ನು ಇಳಿಸಿದ ಹಾಗೆ ಆಗಲಿಲ್ಲವಾ? ವಯಲ್ ಮತ್ತು ಬಯಲು ಒಂದೇ ಮೂಲದ ಶಬ್ದಗಳು, ಹಾಗಾಗಿ ಅದು ಉಚ್ಚಾರಣೆಯೋ ಅನುವಾದವೋ ಅಂತ ಗೆರೆ ಎಳೆಯುವುದು ಕಷ್ಟ. ಆದರೆ ಮಲಯಾಳ ಓದುವವರ ಬೋರ್ಡಿನ ಮೇಲೆ ಬಯಲುನಾಡು ಅಂತಲೇ ಬರೆಯಿರಿ ಎಂದು ನಾವು ಕೇಳಿದರೆ, ಈಗ ನಾನು ಹೇಳಿದ ತಕರಾರು ನಮಗೂ ಅನ್ವಯಿಸುತ್ತದೆ. ಮುಂದಿನ ಪ್ರಶ್ನೆ ಆದವಾನಿಯವರದು, ಮೈಕ್ ಆನ್ ಮಾಡಿಕೊಳ್ಳಿ.